ಮೂರನೇ ಪಾಲು

ಸಾತನೂರಿನ ಪಾಸ್ಟರ್ ಬಾಲರಾಜುವಿಗೆ ಜಗತ್ತಿನ ಅಂತ್ಯ ಹೇಗೆ ಆಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ 'ಯಾರಿಗ್ ಗೊತ್ತಪ್ಪಾ' ಎಂದು ಕೈ ಚೆಲ್ಲುತ್ತಿದ್ದ ಮನುಷ್ಯ, ಇಸ್ರೇಲಿನ ಮುಂದಿನ ಗತಿ ಏನೆಂದು ಕೇಳಿದರೆ ಮಾತ್ರ ಕಣ್ಣು ಮುಚ್ಚಿಕೊಂಡು ಒಂದೊಂದಾಗಿ ಹೇಳುತ್ತಿದ್ದ. ಮೊದಲು, ಚದುರಿಹೋದ ಯೆಹೂದ್ಯರು ತಮ್ಮ ನಾಡಿಗೆ ವಾಪಸಾಗುವುದು, ಅದು ಆಗಿದೆ. ಆಮೇಲೆ ಸುತ್ತಲಿನ ಶತ್ರುಗಳು ಏಳುವುದು. ಅದು ಆಗುತ್ತಾ ಇದೆ. ಆಮೇಲೆ ನಂಬಿದವರೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಎತ್ತಲ್ಪಡುವುದು, ಉಳಿದವರಿಗೆ ಏಳು ವರ್ಷದ ಮಹಾಸಂಕಟ. ಆ ಸಂಕಟದಲ್ಲಿ ಇಸ್ರೇಲಿನ ಮೂರರಲ್ಲಿ ಎರಡು ಪಾಲು ಜನ ಸಾಯುತ್ತಾರೆ. ಮೂರನೇ ಪಾಲು ಬೆಂಕಿಯಲ್ಲಿ ಪುಟಗೊಂಡು, ಯೇಸುವನ್ನು ಕಂಡು ಅತ್ತು, ನಂಬುತ್ತದೆ. ಆಮೇಲೆ ಕರ್ತನ ಸಾವಿರ ವರ್ಷದ ಆಳ್ವಿಕೆ. ಇದನ್ನೆಲ್ಲ ಅವನು ಪ್ರವಾದಿಗಳ ಅಧ್ಯಾಯ, ವಚನಗಳ ಸಮೇತ ಹೇಳುತ್ತಿದ್ದ.

ಇಷ್ಟೂ ಸಂಗತಿಯನ್ನು ರಾಮನಗರದಲ್ಲಿ ಫ್ಲೆಕ್ಸ್ ಮಾಡಿಸಿ ಪ್ರಾರ್ಥನಾ ಮಂದಿರದ ಗೋಡೆಗೆ ಕಟ್ಟಿದ್ದ. ಕಾಲಪಟ ಎಂದು ಅದಕ್ಕೆ ಹೆಸರು. ಎಡತುದಿಯಲ್ಲಿ ಏದೆನ್ ತೋಟ, ಬಲತುದಿಯಲ್ಲಿ ಚಿನ್ನದ ಪಟ್ಟಣ, ನಡುವೆ ಬಾಣದ ಗುರುತುಗಳು, ಏಳು ತಲೆಯ ಮೃಗ, ಬೇಕಾದಷ್ಟು ಬೆಂಕಿ. ಮಂದಿರವೆಂದರೆ ದೊಡ್ಡದೇನಲ್ಲ. ಅವರಪ್ಪನ ಕಾಲದ ರೇಷ್ಮೆ ಹುಳಮನೆಗೆ ಸುಣ್ಣ ಬಳಿದು, ಬಾಗಿಲಿನ ಮೇಲೆ ಶಿಲುಬೆ ಬರೆಸಿ, ಒಳಗೆ ಚಾಪೆ ಹಾಸಿದ್ದ. ಹುಳಗಳಿಗೆ ಪಕ್ಕದಲ್ಲೇ ಶೀಟಿನ ಹೊಸ ಮನೆ ಎದ್ದಿತ್ತು. ಭಾನುವಾರ ಬೋಧನೆ, ಮಿಕ್ಕ ದಿನಗಳಲ್ಲಿ ಹಿಪ್ಪುನೇರಳೆ ಸೊಪ್ಪು, ಎರಡು ಸೀಮೆಹಸು, ಡೇರಿ. ಒಳ್ಳೆಯ ಮನುಷ್ಯನೇ. ಯಾರ ಮನೆಯಲ್ಲಿ ಹೆರಿಗೆಯಾದರೂ, ಯಾರು ಆಸ್ಪತ್ರೆ ಸೇರಿದರೂ ಮೊದಲು ಬೈಕ್ ತೆಗೆಯುತ್ತಿದ್ದವನು ಅವನೇ. ಆದರೆ ಕಾಲಪಟದ ಮುಂದೆ ಕೋಲು ಹಿಡಿದು ನಿಂತರೆ ಅವನ ದನಿಯೇ ಬೇರೆಯಾಗುತ್ತಿತ್ತು.

ಹೆಂಡತಿ ಲತಾಮಣಿಗೆ ಈ ಪಟ ಕಂಡರೆ ಆಗುತ್ತಿರಲಿಲ್ಲ. ಅವಳು ಕನಕಪುರದ ಹಳೇ ಸಭೆಯೊಂದರ ಉಪದೇಶಿಯ ಮಗಳು. 'ಇಸ್ರೇಲು ಅಂದ್ರೆ ಈಗ ನಂಬಿದೋರೆಲ್ಲಾ ಸೇರಿ ಒಂದೇ ಮನೆ. ಆ ಜನಕ್ಕೆ ದೇವರು ಕೊಟ್ಟ ಮಾತನ್ನ ಹೆಂಗ್ ನಡೆಸ್ತಾನೋ ಅದು ಅವನಿಗೆ ಬಿಟ್ಟಿದ್ದು, ನಮಗ್ಯಾಕೆ ವೇಳಾಪಟ್ಟಿ' ಎಂದು ಅವರಪ್ಪ ಹೇಳುತ್ತಿದ್ದರಂತೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಇದರ ಮೇಲೆ ಊಟ ಬಿಡುವಷ್ಟು ಜಗಳವಾಡಿದ್ದೂ ಉಂಟು. ಈಗ ಒಂದು ಒಪ್ಪಂದಕ್ಕೆ ಬಂದಿದ್ದರು. ಅವನು ಹೇಳುವುದು, ಅವಳು ಕೇಳದಿರುವುದು.

ಬೋಧನೆಗೆ ಮುಂಚೆ 'ಕಾಲದ ಗುರುತು' ಎಂಬ ಒಂದು ಕಾರ್ಯಕ್ರಮ ಬಾಲರಾಜುವಿನ ಸಭೆಯ ಪದ್ಧತಿ. ಟಿ.ವಿ.ಯಲ್ಲಿ ಇಸ್ರೇಲಿನ ಸುದ್ದಿಯ ತುಣುಕು ಹಾಕಿ, ಪಟದಲ್ಲಿ ಅದು ಎಲ್ಲಿ ಬರುತ್ತದೆ ಎಂದು ತೋರಿಸುವುದು. ಟಿ.ವಿ., ಮೈಕು, ವೈರು ಎಲ್ಲ ನೋಡಿಕೊಳ್ಳುವವನು ಸಭೆಯ ನಟರಾಜು. ಅವನಿಗೆ ಸಾತನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯಿತ್ತು. ಎರಡು ವರ್ಷದ ಹಿಂದಿನವರೆಗೆ ಅಲ್ಲಿ ಇಲ್ಲಿ ಹುಡುಕಿ ವಿಡಿಯೋ ತರಬೇಕಿತ್ತು. ಆಮೇಲೆ ಆ ಕಷ್ಟ ತಪ್ಪಿತು. ಪಾಸ್ಟರ್ ಮಗಳೇ ಇಸ್ರೇಲಿಗೆ ಹೋದಳು.

ದಿವ್ಯ ನರ್ಸಿಂಗ್ ಸಹಾಯಕಿಯ ತರಬೇತಿ ಮುಗಿಸಿ ರಾಮನಗರದ ಒಂದು ನರ್ಸಿಂಗ್ ಹೋಮಿನಲ್ಲಿದ್ದವಳು. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿಗೆ ಹೋಗುವ ಅವಕಾಶ ಬಂದಾಗ ತಾಯಿ ಬೇಡವೆಂದಳು, ತಂದೆ ಕುಣಿದಾಡಿದ. ಟೆಲ್ ಅವೀವ್ ಪಕ್ಕದ ಊರೊಂದರಲ್ಲಿ, ಒಬ್ಬಂಟಿ ಮುದುಕಿಯ ಮನೆ. ಮುದುಕಿಯ ಹೆಸರು ಮಿರ್ಯಾಮ್. ಮೋಶೆಯ ಅಕ್ಕನ ಹೆಸರು ಎಂದು ಬಾಲರಾಜು ಸಭೆಯಲ್ಲಿ ಹೇಳಿ ಸ್ತೋತ್ರ ಹೇಳಿಸಿದ್ದ. ದಿವ್ಯ ಆಕೆಯನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು. ಅಜ್ಜಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿತ್ತು, ಅದೂ ದಿವ್ಯ ಬೆನ್ನಿಗೆ ಕೈ ಕೊಟ್ಟರೆ.

ಜೂನ್ ತಿಂಗಳ ಒಂದು ಶುಕ್ರವಾರ ಯುದ್ಧ ಶುರುವಾಯಿತು. ಇರಾನಿನಿಂದ ಕ್ಷಿಪಣಿ ಬರುತ್ತಿವೆ ಎಂದು ಸುದ್ದಿ ಕೇಳಿದ್ದೇ ಲತಾಮಣಿ ಹಾಲಿನ ಕ್ಯಾನನ್ನು ಅಂಗಳದಲ್ಲೇ ಬಿಟ್ಟು ಫೋನಿಗೆ ಓಡಿದಳು. ಬಾಲರಾಜುವೂ ಓಡಿದ. 'ಚೆನ್ನಾಗಿದ್ದೀನಿ ಕಣಪ್ಪಾ, ಸೈರನ್ ಕೂಗಿದ್ರೆ ಅಜ್ಜೀನ ಮೆಟ್ಲು ಹತ್ರ ಕೂರಿಸ್ಕೊಂಡು ಇರ್ತೀನಿ, ಅಲ್ಲಿ ಗೋಡೆ ಗಟ್ಟಿ' ಎಂದಳು ಮಗಳು. ತಂದೆಗೆ ಉಸಿರು ಬಂತು. ಉಸಿರು ಬಂದ ಮೇಲೆ ಅವನ ಎದೆಯಲ್ಲಿ ಭಯದ ಪಕ್ಕದಲ್ಲೇ ಇನ್ನೊಂದು ಬಂದು ಕೂತಿತು. ಯಾರಿಗೂ ಹೇಳಿಕೊಳ್ಳಲಾಗದ ಒಂದು ಖುಷಿ. ಇಷ್ಟು ವರ್ಷ ಕೋಲು ಹಿಡಿದು ತೋರಿಸಿದ್ದು ಈಗ ಬರುತ್ತಿದೆ, ಅದೂ ತನ್ನ ಮಗಳ ಕಣ್ಣೆದುರಿಗೆ! ಹೊಲಕ್ಕೆ ಹೋಗುವ ದಾರಿಯಲ್ಲಿ ನಿಂತು ವಾಯ್ಸ್ ಮೆಸೇಜ್ ಕಳಿಸಿದ.

"ಮಗಾ, ಆಕಾಶ ಕಾಣೋ ಹಂಗೆ ಒಂದು ವಿಡಿಯೋ ತೆಗೆದು ಕಳ್ಸವ್ವಾ. ಭಾನುವಾರ ಸಭೇಲಿ ತೋರಿಸ್ತೀನಿ. ಜನ ಎಚ್ಚೆತ್ಕೊಳ್ಳಲಿ."

ಅಪ್ಪ ಕೇಳಿದ್ದನ್ನು ದಿವ್ಯ ಎಂದೂ ಇಲ್ಲ ಎಂದವಳಲ್ಲ. ವಿಡಿಯೋ ಬಂತು.

ಆ ಭಾನುವಾರ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಟರಾಜು ಟಿ.ವಿ. ಹಾಕಿದ. ಕತ್ತಲ ಆಕಾಶ, ಅದರ ತುಂಬ ಉರಿಯುವ ಚುಕ್ಕಿಗಳು ಬರುತ್ತಿವೆ, ಕೆಳಗಿನಿಂದ ಬೇರೆ ಚುಕ್ಕಿಗಳು ಎದ್ದು ಅವನ್ನು ಹೊಡೆಯುತ್ತಿವೆ. ಸೈರನ್ ಏರುತ್ತಿದೆ, ಇಳಿಯುತ್ತಿದೆ. ಜನ ಎದ್ದು ನಿಂತು ಕೈ ಎತ್ತಿ 'ಸ್ತೋತ್ರ, ಸ್ತೋತ್ರ' ಎಂದು ಕೂಗಿದರು. ಮುಂದಿನ ಸಾಲಿನ ಕಾವೇರಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಬಾಲರಾಜು ಕೋಲಿನಿಂದ ಪಟದ ನಡುಭಾಗವನ್ನು ತಟ್ಟಿ, "ನಾವ್ ಇಲ್ಲಿದ್ದೀವಿ! ಇನ್ನೊಂದೇ ಮೆಟ್ಲು!" ಎಂದ. ಹೆಂಗಸರ ಕಡೆಯ ಚಾಪೆಯಿಂದ ಲತಾಮಣಿ ಎದ್ದು ಹೊರಗೆ ಹೋದದ್ದನ್ನು ಅವನು ನೋಡಿದ. ಹಸುವಿಗೆ ನೀರಿಡಲು ಹೋಗಿರಬೇಕು ಎಂದುಕೊಂಡ.

ಆರಾಧನೆ ಮುಗಿಯಿತು. ಜನ ಕೈ ಹಿಡಿದು, 'ಪಾಸ್ಟ್ರೇ, ಟಿ.ವಿ.ನೋರೂ ಇಷ್ಟು ಚೆನ್ನಾಗಿ ತೋರ್ಸಕ್ಕಿಲ್ಲ ಬುಡಿ' ಎಂದರು. ಬುಧವಾರದ ಉಪವಾಸ ಪ್ರಾರ್ಥನೆಗೆ ಕನಕಪುರದಿಂದ, ಚನ್ನಪಟ್ಟಣದಿಂದ ನೆಂಟರನ್ನು ಕರೆತರುತ್ತೇವೆ ಎಂದರು. ಆ ಹುರುಪಿನಲ್ಲೇ, ಮೈಕಿನ ಪೆಟ್ಟಿಗೆಯ ಹಿಂದೆ ನಿಂತು, ಅವನು ಮಗಳಿಗೆ ಇನ್ನೊಂದು ಮಾತು ಕಳಿಸಿದ.

"ಭಾಳ ಚೆನ್ನಾಗ್ ಬಂದೈತೆ ಮಗಾ. ಇನ್ನೊಂದು ಕಳ್ಸು. ಇನ್ನೊಸಿ ಉದ್ದ ಇರ್ಲಿ."

ಮನೆಗೆ ಬಂದರೆ ಲತಾಮಣಿ ಒಲೆ ಹಚ್ಚಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು.

"ಯಾಕ್ ಕಣೇ, ಮಧ್ಯದಲ್ಲಿ ಎದ್ದು ಬಂದ್ಬುಟ್ಟೆ?"

"ಆಕಾಶ ನೋಡಿದ್ರಲ್ಲ," ಎಂದಳು. "ಫೋನ್ ಹಿಡ್ಕೊಂಡಿದ್ದ ಕೈ ಯಾರ್ದು ಅಂತ ನೋಡಿದ್ರಾ?"

"ದಿವ್ಯಂದು. ಇನ್ಯಾರ್ದು?"

"ಸೈರನ್ ಕೂಗ್ತಾನೇ ಐತೆ. ಊರೋರೆಲ್ಲಾ ಒಳಗೆ ಸೇರ್ಕೊಂಡವ್ರೆ, ಬೀದೀಲಿ ಒಂದು ನರಪಿಳ್ಳೆ ಇಲ್ಲ. ನಿಮ್ ಮಗ್ಳು ಒಬ್ಳೇ ಬಾಲ್ಕನೀಲಿ ನಿಂತವಳೆ. ಯಾಕ್ ನಿಂತವಳೆ ಹೇಳಿ."

ಬಾಲರಾಜು ಫೋನ್ ತೆಗೆದು, ಕಿವಿಯ ಹತ್ತಿರ ಹಿಡಿದು, ವಿಡಿಯೋವನ್ನು ಮತ್ತೆ ಹಾಕಿದ. ಮಂದಿರದಲ್ಲಿ ಸ್ತೋತ್ರದ ಗದ್ದಲಕ್ಕೆ ಕೇಳಿಸದಿದ್ದದ್ದು ಈಗ ಕೇಳಿಸಿತು. ಸೈರನ್ನಿನ ಹಿಂದೆ, ಮನೆಯ ಒಳಗಿನಿಂದ, ಒಂದು ಮುದಿ ದನಿ ಕರೆಯುತ್ತಿತ್ತು. 'ದಿವ್ಯಾ. ದಿವ್ಯಾ.' ಮಗಳು ಉತ್ತರ ಕೊಡದೆ ಆಕಾಶವನ್ನೇ ಹಿಡಿಯುತ್ತಿದ್ದಳು. ಅಪ್ಪನಿಗೆ ಬೇಕಲ್ಲ.

ಅವನಿಗೆ ಈಗ ತಾನೇ ಕಳಿಸಿದ ಮಾತು ನೆನಪಾಯಿತು. ಅಳಿಸೋಣವೆಂದು ನೋಡಿದರೆ ಅದರ ಮುಂದೆ ಎರಡು ನೀಲಿ ಗೀಟು ಬಿದ್ದಿದ್ದವು. ಮಗಳು ಕೇಳಿಸಿಕೊಂಡಾಗಿತ್ತು. ಗಡಬಡಿಸಿ ಇನ್ನೊಂದು ಕಳಿಸಿದ. "ಮಗಾ ಬ್ಯಾಡ, ವಿಡಿಯೋ ಬ್ಯಾಡ, ನೀನು ಒಳಗಿರು." ಅದಕ್ಕೆ ಒಂದೇ ಗೀಟು ಬಿತ್ತು, ಅವಳಿಗೆ ತಲುಪಿರಲಿಲ್ಲ. ಫೋನ್ ಮಾಡಿದ, ಹೋಗಲಿಲ್ಲ. ಮತ್ತೆ ಮಾಡಿದ.

"ಇನ್ನೊಂದು ಕಳ್ಸು ಅಂತ ಹೇಳ್ಬುಟ್ಟಿದ್ದೀನಿ ಕಣೇ," ಎಂದ.

ಲತಾಮಣಿ ಅವನ ಮುಖವನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎದ್ದು ಹೋಗಿ ಹಸುವಿನ ಹತ್ತಿರ ನಿಂತಳು.

ಸಂಜೆಯಾಯಿತು. ಗೀಟು ಒಂದೇ. ಬೆಳಗಾಯಿತು. ಗೀಟು ಒಂದೇ. ಸೋಮವಾರ ಬೆಳಗಿನ ಸುದ್ದಿಯಲ್ಲಿ, ಟೆಲ್ ಅವೀವ್ ಪಕ್ಕದ ಊರಿನಲ್ಲಿ ಒಂದು ಕಟ್ಟಡ ಬಿದ್ದಿದೆ ಎಂದರು. ಯಾವ ಬೀದಿ ಎಂದು ಹೇಳಲಿಲ್ಲ. ತೋರಿಸಿದ ಕಟ್ಟಡದಲ್ಲಿ ಮುಂಭಾಗವೇ ಇರಲಿಲ್ಲ. ಮೂರನೇ ಅಂತಸ್ತಿನಲ್ಲಿ ಒಂದು ಬೀರು ಬಾಗಿಲು ತೆರೆದುಕೊಂಡು ನಿಂತಿತ್ತು. ದಿವ್ಯಳ ಮನೆ ಯಾವ ಅಂತಸ್ತು ಎಂದು ಲತಾಮಣಿ ಕೇಳಿದಳು. ಬಾಲರಾಜುವಿಗೆ ನೆನಪಾಗಲಿಲ್ಲ. ಎರಡು ವರ್ಷದಿಂದ ಮಗಳನ್ನು ದಿನಾ ಮಾತಾಡಿಸಿದ್ದ. ದೇವಾಲಯದ ಬೆಟ್ಟ ನೋಡಿದೆಯಾ, ಅಂಜೂರದ ಮರ ಚಿಗುರಿದೆಯಾ ಎಂದೆಲ್ಲ ಅಂತ್ಯದ ಗುರುತುಗಳನ್ನೇ ಕೇಳಿದ್ದ. ಯಾವ ಅಂತಸ್ತಿನಲ್ಲಿದ್ದೀಯಾ ಎಂದು ಕೇಳಿರಲೇ ಇಲ್ಲ.

ಹುಳಗಳಿಗೆ ಇದೆಲ್ಲ ತಿಳಿಯುವುದಿಲ್ಲ. ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದ ಹುಳ ತಿನ್ನುವುದೇ ತಿನ್ನುವುದು; ಸೊಪ್ಪು ಹಾಕಿ ಬೆನ್ನು ತಿರುಗಿಸುವಷ್ಟರಲ್ಲಿ ಬರೀ ಕಡ್ಡಿ. ಗಂಡ ಹೆಂಡತಿ ಸೊಪ್ಪು ಕೊಯ್ದರು, ಹೊತ್ತರು, ಹಾಸಿದರು. ಫೋನನ್ನು ಅಂಗಿಯ ಜೇಬಿನಲ್ಲಿಟ್ಟರೆ ಕರೆ ಬಂದದ್ದು ಎಲ್ಲಿ ಗೊತ್ತಾಗದೆ ಹೋಗುತ್ತದೋ ಎಂದು ಬಾಲರಾಜು ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೊರೆ ಎತ್ತಿದ. ಬೇರೆ ದಿನವಾಗಿದ್ದರೆ ಲತಾಮಣಿ ನಗುತ್ತಿದ್ದಳು.

ಫೋನ್ ಬಡಿದುಕೊಂಡಾಗಲೆಲ್ಲ ಇಬ್ಬರ ಜೀವವೂ ಬಾಯಿಗೆ ಬರುತ್ತಿತ್ತು. ಬಂದವೆಲ್ಲ ಸಭೆಯವರ ಕರೆಗಳೇ. ಚನ್ನಪಟ್ಟಣದವರು ಬುಧವಾರ ಎಷ್ಟು ಹೊತ್ತಿಗೆ ಎಂದು ಕೇಳಿದರು. ಕಾವೇರಮ್ಮ, ಎತ್ತಲ್ಪಡುವಾಗ ಮೈಮೇಲಿನ ಒಡವೆ ಇಲ್ಲೇ ಬಿದ್ದುಹೋಗುತ್ತದಾ ಎಂದು ವಿಚಾರಿಸಿದಳು. ಮಧ್ಯಾಹ್ನ ನಟರಾಜು ಮಾಡಿದ.

"ಪಾಸ್ಟ್ರೇ, ಹೊಸ ವಿಡಿಯೋ ಬಂತಾ? ಬುಧವಾರಕ್ಕೆ ದೊಡ್ಡ ಟಿ.ವಿ. ತತ್ತೀನಿ."

"ಇನ್ನೂ ಬಂದಿಲ್ಲ ಕಣ್ಲಾ ನಟರಾಜು."

"ಒಂದ್ಸಲ ದಿವ್ಯಕ್ಕಂಗೆ ಜ್ಞಾಪಿಸಿ ಸಾ. ಜನ ಕೇಳ್ತಾವ್ರೆ."

ಬಾಲರಾಜು ಫೋನ್ ಇಟ್ಟ. ನಟರಾಜುವಿನ ಮೇಲೆ ರೇಗಬೇಕೆನ್ನಿಸಿತು. ಯಾವ ಬಾಯಲ್ಲಿ ರೇಗುವುದು? ಇದನ್ನು ಕಲಿಸಿದವನು ತಾನೇ.

ಸಂಜೆಯ ಹೊತ್ತಿಗೆ ಒಬ್ಬನೇ ಮಂದಿರಕ್ಕೆ ಹೋಗಿ ಮೊಣಕಾಲೂರಿದ. 'ಕರ್ತನೇ, ನನ್ನ ಮಗಳನ್ನು ಕಾಪಾಡು' ಎಂದ. ಎಂದವನಿಗೆ ಎದುರಿಗಿದ್ದ ಪಟ ಕಣ್ಣಿಗೆ ಬಿತ್ತು. ಅವಳು ನಂಬಿದವಳು, ಮೇಲಕ್ಕೆ ಎತ್ತಲ್ಪಡುತ್ತಾಳೆ, ಸಂಕಟ ಅವಳಿಗಿಲ್ಲ. ಪಟದ ಪ್ರಕಾರ ಭಯವೇ ಬೇಡ. ಇದನ್ನು ಎಷ್ಟು ತಾಯಂದಿರಿಗೆ ಹೇಳಿ ಸಮಾಧಾನ ಮಾಡಿದ್ದ! ಈಗ ತನಗೇ ಹೇಳಿಕೊಂಡ. ಎದೆ ಬಡಿತ ಒಂದಿಷ್ಟೂ ಇಳಿಯಲಿಲ್ಲ. ಅವನಿಗೆ ಬೇಕಾಗಿದ್ದುದು ಮೇಲಕ್ಕೆ ಹೋದ ಮಗಳಲ್ಲ, ಬಾಗಿಲಲ್ಲಿ ಚಪ್ಪಲಿ ಬಿಡುವ ಮಗಳು. ತನಗೇ ನಂಬಿಕೆ ಇಲ್ಲವೇನೋ ಎಂದು ಅವನಿಗೆ ದಿಗಿಲಾಯಿತು.

ಹಿಂದಿನಿಂದ ಲತಾಮಣಿ ಬಂದು ನಿಂತಿದ್ದಳು.

"ನಂಗೊಂದ್ ವಿಷ್ಯ ಹೇಳಿ," ಎಂದಳು. "ನೀವು ಹೇಳೋ ಹಂಗೇ ಆಯ್ತು ಅನ್ಕಳಿ. ದಿವ್ಯ ಕಣ್ ಮಿಟುಕ್ಸೋದ್ರಲ್ಲಿ ಮೇಲಕ್ ಹೋದ್ಲು. ಆ ಅಜ್ಜಿ ಉಳ್ಕತ್ತು. ಅದನ್ನ ಕಕ್ಕಸ್ಸಿಗೆ ಯಾರ್ ಎತ್ಕೊಂಡೋಗ್ತಾರೆ?"

"ಲತಾ, ಅದು ಹಂಗಲ್ಲ..."

"ಹೆಂಗೆ ಮತ್ತೆ? ಅಜ್ಜಿಗೆ ಮಾತ್ರೆ ಯಾರ್ ಕೊಡ್ತಾರೆ? ಎರಡು ಪಾಲು, ಎರಡು ಪಾಲು ಅಂತೀರಲ್ಲ, ಅದ್ರಲ್ಲಿ ಒಬ್ರಿಗೆ ನಮ್ ಹುಡ್ಗಿ ದಿನಾ ತಲೆ ಬಾಚ್ತಾಳೆ."

ಅವನಿಗೆ ಉತ್ತರ ಗೊತ್ತಿತ್ತು. ಪ್ರವಾದಿ ಎಲ್ಲಿ ಏನು ಹೇಳಿದ್ದಾನೆ ಎಂದು ಹೇಳಬಲ್ಲವನಾಗಿದ್ದ. ಹೇಳಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು.

ದಿವ್ಯ. ಬದುಕಿದ್ದಳು. ದನಿ ಕೇಳಿದ್ದೇ ಲತಾಮಣಿ ನೆಲಕ್ಕೆ ಕುಸಿದು ಕೂತು 'ಯೇಸಪ್ಪಾ, ಯೇಸಪ್ಪಾ' ಎಂದು ಅಳತೊಡಗಿದಳು. ಬಾಲರಾಜು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಎಲ್ಲಿದ್ದೀಯ ಮಗಾ? ಏನಾಯ್ತು? ಪೆಟ್ಟಾಯ್ತಾ?"

"ನಂಗೇನಾಗಿಲ್ಲಪ್ಪಾ. ಆಸ್ಪತ್ರೇಲಿದ್ದೀನಿ. ಫೋನ್ ಬಿದ್ದು ಒಡ್ದೋಗಿತ್ತು, ಇದು ಇಲ್ಲಿ ಕೆಲ್ಸ ಮಾಡೋ ಮಲಯಾಳಿ ಅಕ್ಕಂದು. ಅಜ್ಜಿ ಸೊಂಟದ ಮೂಳೆ ಮುರ್ದೋಗೈತಪ್ಪಾ."

"ಹೆಂಗಾಯ್ತವ್ವಾ?"

ಅವಳು ಹೇಳಿದಳು. ಭಾನುವಾರ ಅಪ್ಪನ ಮಾತು ಕೇಳಿಸಿಕೊಂಡ ಬೆನ್ನಿಗೇ ಸೈರನ್ ಕೂಗಿತು. ಅಜ್ಜಿಯನ್ನು ಮೆಟ್ಟಿಲ ಹತ್ತಿರ ಕುರ್ಚಿಯಲ್ಲಿ ಕೂರಿಸಿದಳು. ಅಪ್ಪ ಉದ್ದದ ವಿಡಿಯೋ ಕೇಳಿದ್ದಾನೆ, ಒಂದು ನಿಮಿಷ ಬಂದೆ ಎಂದು ಬಾಲ್ಕನಿಗೆ ಹೋದಳು. ಅಜ್ಜಿ ಕರೆಯಿತು, ಇವಳು ಬಂದೆ ಬಂದೆ ಎಂದಳು. ಕೊನೆಗೆ ಅಜ್ಜಿಯೇ ಎದ್ದು, ಯಾರ ಆಸರೆಯೂ ಇಲ್ಲದೆ, ವಾಕರ್ ತಳ್ಳಿಕೊಂಡು ಹಜಾರ ದಾಟಿ ಬಂದು ಇವಳ ಅಂಗಿ ಹಿಡಿದು ಒಳಕ್ಕೆ ಎಳೆಯಿತು. ಎಳೆದ ರಭಸಕ್ಕೆ ಇಬ್ಬರೂ ಒಳಗೆ ಬಿದ್ದರು. ಅದೇ ಹೊತ್ತಿಗೆ ಹಿಂದಿನ ಬೀದಿಗೆ ಕ್ಷಿಪಣಿ ಬಿತ್ತು. ಬಾಲ್ಕನಿಯ ಗಾಜೆಲ್ಲ ಪುಡಿಯಾಗಿ ಬಾಗಿಲ ಸಮೇತ ಇವಳು ನಿಂತಿದ್ದ ಜಾಗಕ್ಕೇ ಬಂದು ಬಿತ್ತು.

ಬಾಲರಾಜು ಗೋಡೆಗೆ ಒರಗಿದ.

"ಎಂಬಸಿಯೋರು ಊರಿಗೆ ಹೋಗೋರು ಹೆಸ್ರು ಕೊಡಿ ಅಂತವ್ರೆ," ಎಂದಳು ದಿವ್ಯ.

"ಕೊಡು! ಈಗ್ಲೇ ಕೊಡು. ಬಂದ್ಬುಡು ಮಗಾ."

"ಹೆಂಗಪ್ಪಾ ಬರೋದು? ಅಜ್ಜಿಗೆ ಬುಧವಾರ ಆಪರೇಶನ್ನು. ಅದಕ್ಕೆ ಯಾರೂ ಇಲ್ಲ. ಅದು ಎದ್ದು ಬಂದಿದ್ದು ನಂಗೋಸ್ಕರ ತಾನೇ? ಆಂಬುಲೆನ್ಸಲ್ಲಿ ಕೇಳ್ತು. ನಿಮ್ಮಪ್ಪ ನಮ್ಮ ದೇಶಕ್ಕೋಸ್ಕರ ದಿನಾ ಪ್ರಾರ್ಥನೆ ಮಾಡ್ತಾರೆ ಅಂತೀಯಲ್ಲ, ಏನಂತ ಮಾಡ್ತಾರೆ ಅಂತ. ಏನ್ ಹೇಳ್ಲಪ್ಪಾ?"

ಇಸ್ರೇಲಿನ ಬಗ್ಗೆ ಬಾಲರಾಜುವಿಗೆ ಉತ್ತರ ತಿಳಿಯದ ಪ್ರಶ್ನೆ ಅದೇ ಮೊದಲು. 'ಆಮೇಲೆ ಮಾತಾಡ್ತೀನಿ ಮಗಾ' ಎಂದುಬಿಟ್ಟ. ಎಂದದ್ದಕ್ಕೆ ಎರಡು ದಿನ ತನ್ನನ್ನೇ ಶಪಿಸಿಕೊಂಡ.

ಬುಧವಾರ ಬಂತು. ಉಪವಾಸ ಪ್ರಾರ್ಥನೆಗೆ ಬಂದ ಜನ ಬಾಗಿಲಾಚೆ ಹಿಪ್ಪುನೇರಳೆ ಸಾಲಿನವರೆಗೂ ಕೂತಿದ್ದರು. ನಟರಾಜು ಎಲ್ಲಿಂದಲೋ ಗೋಡೆಯಗಲದ ಟಿ.ವಿ. ತಂದು ಪಾಸ್ಟರ್ ಫೋನನ್ನು ಅದಕ್ಕೆ ಜೋಡಿಸಿದ್ದ. ವಿಡಿಯೋ ಬಂದ ಕೂಡಲೇ ಹಾಕಬಹುದು ಎಂದು. ಬಾಲರಾಜು ಯಾರಿಗೂ ಏನೂ ಹೇಳಿರಲಿಲ್ಲ. ಹೇಳಬೇಕೆಂದೇ ಬಂದಿದ್ದ. ಆದರೆ ಅಷ್ಟು ಮುಖಗಳು ತನ್ನನ್ನೇ ನೋಡುತ್ತಿರುವಾಗ ಧೈರ್ಯ ಸಾಲದೆ ಒಂದು ಹಾಡು ಹಾಡಿಸಿದ. ಅದು ಮುಗಿಯಿತು. ಇನ್ನೊಂದು ಹಾಡಿಸಿದ. ಮೂರನೆಯದಕ್ಕೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಫೋನ್ ಬಂತು, ವಿಡಿಯೋ ಕಾಲ್. ಬಾಲರಾಜು ತಟ್ಟನೆ ಎತ್ತಿಕೊಂಡ. ನಟರಾಜು ವೈರ್ ತೆಗೆಯುವ ಮೊದಲೇ ದಿವ್ಯಳ ಮುಖ ಗೋಡೆಯಷ್ಟಗಲ ಮೂಡಿತು. ಹಣೆಯ ಮೇಲೆ ಪಟ್ಟಿಯಿತ್ತು. ಪೆಟ್ಟಾಗಿಲ್ಲ ಎಂದಿದ್ದಳಲ್ಲ! ಲತಾಮಣಿ ಚಾಪೆಯಿಂದ ಎದ್ದು ನಿಂತಳು.

"ಅಪ್ಪಾ, ಅಜ್ಜೀನ ಆಪರೇಶನ್ನಿಗೆ ಕೆಳಗಿನ ಅಂತಸ್ತಿಗೆ ಕರ್ಕೊಂಡ್ ಹೋಗ್ತಾವ್ರೆ. ಲಿಫ್ಟಿಗೆ ಕಾಯ್ತಾ ಇದ್ದೀವಿ. ನಿನ್ನ ಒಂದ್ಸಲ ನೋಡ್ಬೇಕಂತೆ."

ಪರದೆಯಲ್ಲಿ ಒಂದು ಪುಟ್ಟ ಮುಖ ಬಂತು. ಬಿಳಿ ಕೂದಲು ನೀಟಾಗಿ ಬಾಚಿತ್ತು. ಸಭೆ ಗುಜುಗುಜು ಎಂದಿತು. ಇಸ್ರೇಲು ಇಸ್ರೇಲು ಎಂದು ಇಷ್ಟು ವರ್ಷ ಕೇಳಿದ್ದವರು ಅದನ್ನು ಮುಖವಾಗಿ ಕಂಡದ್ದು ಅಂದೇ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ ಏನೋ ಕೇಳಿತು.

"ನಿನ್ ಹಿಂದೆ ಗೋಡೆ ಮೇಲಿರೋ ಚಿತ್ರ ಏನು ಅಂತ ಕೇಳ್ತಾದೆ," ಎಂದಳು ದಿವ್ಯ. ಅವಳಿಗೆ ಗೊತ್ತಿತ್ತು ಅದೇನೆಂದು. ಚಿಕ್ಕವಳಿದ್ದಾಗ ಅದರ ಮುಂದೆ ವಚನ ಒಪ್ಪಿಸಿ ಬಹುಮಾನ ಪಡೆದವಳು. "ಆ ಬೆಂಕಿ ಇರೋ ಜಾಗ್ದಲ್ಲಿ ಏನ್ ಬರ್ದೈತೆ ಅಂತ ಕೇಳ್ತಾದೆ. ಏನ್ ಹೇಳ್ಲಪ್ಪಾ?"

ಬಾಲರಾಜು ತಿರುಗಿ ನೋಡಿದ. 'ಇಸ್ರೇಲ್: ಎರಡು ಪಾಲು' ಎಂದು ಅವನೇ ಹೇಳಿ ಬರೆಸಿದ ಕೆಂಪಕ್ಷರ. ಜನರೂ ಅದನ್ನೇ ನೋಡುತ್ತಿದ್ದರು. ಅವನು ಸರಿದು ಅದಕ್ಕೆ ಅಡ್ಡವಾಗಿ ನಿಂತ.

"ಅದು ನಾನ್ ಬರ್ಸಿದ್ದು ಅಂತ ಹೇಳು. ಬರಿಸ್ಬೇಕಾದ್ರೆ ನಂಗೆ ಅಲ್ಲಿ ಯಾರೂ ಪರಿಚಯ ಇರ್ಲಿಲ್ಲ ಅಂತ ಹೇಳು." ಹಾಗೆಯೇ ಸಭೆಯ ಕಡೆ ತಿರುಗಿದ. "ಕೇಳ್ರಪ್ಪಾ. ಈ ತಾಯಿ ಸೊಂಟ ಮುರ್ದಿರೋದು ನನ್ನಿಂದ. ನಿಮಗೆ ವಿಡಿಯೋ ತೋರ್ಸೋಕೆ ನಾನು ಮಗಳನ್ನ ಸೈರನ್ ಕೂಗ್ತಿರೋವಾಗ ಹೊರಗೆ ನಿಲ್ಲಿಸ್ದೆ. ಇವರು ಎದ್ದು ಬಂದು ಒಳಕ್ಕೆ ಎಳ್ಕೊಂಡ್ರು. ಇಲ್ದಿದ್ರೆ ಇವತ್ತು ನಂಗೆ ಮಗ್ಳಿಲ್ಲ."

ನಟರಾಜು ತಲೆ ತಗ್ಗಿಸಿ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಅತ್ತ ದಿವ್ಯ ಬಂದಷ್ಟು ಹೀಬ್ರೂವಿನಲ್ಲಿ, ಕೈಸನ್ನೆಯಲ್ಲಿ, ಅಜ್ಜಿಗೆ ಹೇಳಿದಳು. ಎಷ್ಟು ಹೇಳಿದಳೋ, ಅಜ್ಜಿಗೆ ಎಷ್ಟು ತಿಳಿಯಿತೋ. ಅದು ಕೈ ಬೀಸಿ ಬಿಡು ಎಂಬಂತೆ ಏನೋ ಅಂದಿತು. ಆಮೇಲೆ ಇನ್ನೊಂದು ಮಾತು ಕೇಳಿತು.

"ಅಪ್ಪಾ, ಆಪರೇಶನ್ನಿಗೆ ಮುಂಚೆ ಅಜ್ಜಿ ಪ್ರಾರ್ಥನೆ ಮಾಡುತ್ತಂತೆ. ನಿಂಗೋಸ್ಕರ ದೇವರ ಹತ್ರ ಏನ್ ಕೇಳ್ಲಿ ಅಂತೈತೆ."

ಇದನ್ನು ಬಾಲರಾಜು ನಿರೀಕ್ಷಿಸಿರಲಿಲ್ಲ. ಅವರಿಗಾಗಿ ತಾನು ಬೇಡುವುದೇ ಹೊರತು ಅವರು ತನಗಾಗಿ ಬೇಡುವುದು ಅವನ ಯಾವ ವ್ಯಾಖ್ಯಾನದಲ್ಲೂ ಇರಲಿಲ್ಲ. ಒಂದೇ ಒಂದು ಮಾತು ಬಾಯಿಗೆ ಬಂತು.

"ನನ್ ಮಗ್ಳು ಕ್ಷೇಮವಾಗಿ ಬರ್ಲಿ ಅಂತ ಕೇಳೋಕ್ ಹೇಳವ್ವಾ."

ದಿವ್ಯ ಅದನ್ನು ಹೇಳಲು ಹಿಂಜರಿದಳು. ಆಮೇಲೆ ಹೇಳಿದಳು. ಅಜ್ಜಿ ತಲೆಯಲ್ಲಾಡಿಸಿ ಚುಟುಕಾಗಿ ಉತ್ತರಿಸಿತು. ದಿವ್ಯಳ ಕಣ್ಣಲ್ಲಿ ನೀರು ಬಂತು.

"ಅದನ್ನ ದಿನಾ ಕೇಳ್ಕೋತೀನಿ, ಅದು ಲೆಕ್ಕಕ್ಕಿಲ್ಲ ಅಂತೈತೆ. ಬೇರೆ ಏನಾದ್ರೂ ಹೇಳು ಅಂತೈತೆ."

ಬಾಲರಾಜು ಬೇರೆ ಏನು ಎಂದು ಹುಡುಕುತ್ತಿರುವಾಗಲೇ ಅತ್ತ ಸೈರನ್ ಶುರುವಾಯಿತು. ದೊಡ್ಡ ಟಿ.ವಿ.ಯಿಂದ ಬಂದ ಆ ಕೂಗಿಗೆ ಮಂದಿರದ ಸೂರೇ ನಡುಗಿತು. ಸ್ತೋತ್ರ ಎನ್ನಲು ಯಾರ ಬಾಯೂ ಏಳಲಿಲ್ಲ. ಕಾವೇರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ಓಡ್ರವ್ವಾ, ಓಡ್ರವ್ವಾ," ಎಂದಳು. ಪರದೆಯಲ್ಲಿ ಮಂಚ ಅಲುಗಿತು, ಯಾರೋ ಕೂಗಿದರು, ಒಂದು ಗೋಡೆ ಕಂಡಿತು, ದಿವ್ಯಳ ಕೈ ಅಜ್ಜಿಯ ತಲೆಯ ಮೇಲೆ ಕಂಡಿತು. ಆಮೇಲೆ ಏನೂ ಕಾಣಲಿಲ್ಲ.

ಬಾಲರಾಜು ಕೈಯಲ್ಲಿದ್ದ ಕೋಲನ್ನು ಎಲ್ಲೋ ಇಟ್ಟ. ಹೆಂಗಸರ ಕಡೆಯ ಚಾಪೆಗೆ ಬಂದು, ಇಷ್ಟು ವರ್ಷದಲ್ಲಿ ಮೊದಲ ಸಲ, ಹೆಂಡತಿಯ ಪಕ್ಕದಲ್ಲಿ ಕೂತ. ಫೋನನ್ನು ಇಬ್ಬರ ನಡುವೆ ಇಟ್ಟುಕೊಂಡ.

"ಬೇರೆ ಏನು ಬೇಕು ಅಂತ ಕೇಳ್ತು ಕಣೇ," ಎಂದ. "ನೀವು ಬದುಕ್ಬೇಕು ತಾಯಿ ಅನ್ಬೇಕಾಗಿತ್ತು. ಅಷ್ಟು ಹೊತ್ತು ಮುಂದೆ ಮಲಗಿತ್ತು, ನನ್ ಬಾಯಿಗೆ ಅದು ಬರ್ಲೇ ಇಲ್ಲ."

"ಈಗ್ ಹೇಳಿ," ಎಂದಳು ಲತಾಮಣಿ.

"ಅವ್ರಿಗೆ ಕೇಳ್ಸಲ್ವಲ್ಲ."

"ಅವ್ರಿಗ್ಯಾಕೆ ಕೇಳಿಸ್ಬೇಕು? ಕೇಳಿಸ್ಕೊಳ್ಳೋನು ಇಲ್ಲೇ ಅವ್ನಲ್ಲ, ಹೇಳಿ."

ಅವನು ಕಣ್ಣು ಮುಚ್ಚಿದ. ಅಧ್ಯಾಯ ಇಲ್ಲ, ವಚನ ಇಲ್ಲ. 'ಮಿರ್ಯಾಮಜ್ಜಿ ಬದುಕ್ಲಿ ಸ್ವಾಮಿ' ಎಂದ. ಮತ್ತೆ ಅದನ್ನೇ ಎಂದ. ಸುತ್ತಲಿದ್ದವರು ಒಬ್ಬೊಬ್ಬರಾಗಿ ಹತ್ತಿರ ಸರಿದು ಕೂತರು. ಹುಳಗಳಿಗೆ ಸೊಪ್ಪು ಹಾಕುವ ಹೊತ್ತು ಮೀರುತ್ತಿತ್ತು. ಫೋನ್ ಇನ್ನೂ ಬಂದಿರಲಿಲ್ಲ, ಯಾರೂ ಎದ್ದು ಹೋಗಲಿಲ್ಲ.